ಹಿಂದೆಗೆದ ಕೈ

ಆ ಬೀದಿಯ ಮಕ್ಕಳೆಲ್ಲ ಅವಳನ್ನು ದೆವ್ವದಕ್ಕ ಎಂದೇ ಕರೆಯುತ್ತಿದ್ದರು. ಹಾಗೆಂದು ಅವಳನ್ನು ಕಂಡರೆ ಯಾರಿಗೂ ಭಯವಿರಲಿಲ್ಲ. ಕುಳ್ಳಗೆ, ತುಸು ಬಾಗಿದ ಬೆನ್ನಿನ, ಮೂಗಿನ ತುದಿಗೆ ಜಾರುವ ಕನ್ನಡಕವನ್ನು ಮುಂಗೈಯಿಂದ ಮೇಲಕ್ಕೆ ತಳ್ಳುತ್ತ ಮಾತಾಡುವ ಹೆಂಗಸು. ಬಾಡಿಗೆಗೆ ಪುಸ್ತಕ ಕೊಡುವ ಸಣ್ಣದೊಂದು ಲೈಬ್ರರಿ ಅವಳದು. ಯಾರು ಏನು ಕೇಳಿಕೊಂಡು ಹೋದರೂ, ಅಡುಗೆ ಪುಸ್ತಕವೇ ಇರಲಿ, ಪರೀಕ್ಷೆಯ ಗೈಡೇ ಇರಲಿ, ಕೇಳಿದ್ದನ್ನು ತೆಗೆದುಕೊಟ್ಟು, "ಇದರ ಜೊತೆ ಇದೊಂದು ಓದಿ ನೋಡಿ" ಎಂದು ಒಂದು ದೆವ್ವದ ಕಾದಂಬರಿಯನ್ನೂ ಕೈಗೆ ತುರುಕುತ್ತಿದ್ದಳು. ಹೆಸರು ಬಂದದ್ದು ಹಾಗೆ. ಅದು ಅವಳಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ಬ್ಯಾಂಕಿನವರೋ ಆಸ್ಪತ್ರೆಯವರೋ ಇರಬೇಕೆಂದು ಎದೆ ಧಸಕ್ಕೆನ್ನುತ್ತಿತ್ತು.

ಅಪ್ಪ ಪುಸ್ತಕ ಕಟ್ಟುವ ಕೆಲಸದವನು. ಹಳೆಯ ಪುಸ್ತಕಗಳ ಬೆನ್ನು ಬಿಚ್ಚಿ, ಹೊಲಿದು, ಅಂಟು ಸವರಿ, ಹೊಸ ರಟ್ಟು ಹಾಕಿ ಕೊಡುತ್ತಿದ್ದ. ಕಟ್ಟಿಸಲು ಕೊಟ್ಟವರಲ್ಲಿ ಕೆಲವರು ತಿರುಗಿ ಬರುತ್ತಲೇ ಇರಲಿಲ್ಲ. ಮರೆತವರು, ಊರು ಬಿಟ್ಟವರು, ತೀರಿಕೊಂಡವರು. ಅಂಥ ವಾರಸುದಾರರಿಲ್ಲದ ಪುಸ್ತಕಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಅಪ್ಪನ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲೂ ಆಗದೆ ಹೋದಾಗ ಅವಳು ಅವನ್ನೇ ಒರೆಸಿ ಕಪಾಟಿಗೇರಿಸಿ, ಬಾಗಿಲ ಮೇಲೆ ಲೈಬ್ರರಿ ಎಂದು ಹಲಗೆ ಬರೆಸಿದಳು. ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆ ಮನೆ. ಅಮ್ಮ ಅವಳ ಶಾಲೆಯ ದಿನಗಳಲ್ಲೇ ಹೋಗಿದ್ದಳು. ತಮ್ಮ ಓದಿ, ವಿದ್ಯುತ್ ಕಚೇರಿಯಲ್ಲಿ ಕೆಲಸ ಹಿಡಿದು, ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿ ಮನೆ ಮಾಡಿದ. ಅಪ್ಪನೂ ಹೋದ ಮೇಲೆ ಆ ಎರಡು ಕೋಣೆಗಳಲ್ಲಿ ಅವಳೊಬ್ಬಳೇ ಉಳಿದಳು.

ಮದುವೆಯ ಮಾತು ಬರಲೇ ಇಲ್ಲವೆಂದಲ್ಲ. ಒಮ್ಮೆ ಗಂಡಿನ ಕಡೆಯವರು ನೋಡಲು ಬಂದಿದ್ದರು. ಹುಡುಗನ ತಾಯಿ ಉಪಚಾರಕ್ಕೆಂದು, "ಏನೋ ತುಂಬಾ ಓದ್ತೀಯಂತಲ್ಲಮ್ಮ, ಏನು ಓದ್ತೀಯಾ?" ಎಂದು ಕೇಳಿದರು. ಕೇಳಿದ್ದೇ ತಡ, ಹುಡುಗಿ ಹುರುಪಿನಿಂದ, ಶವಾಗಾರದ ಕಾವಲುಗಾರನೊಬ್ಬನ ಕತೆಯನ್ನು ಮೊದಲಿನಿಂದ ಹೇಳತೊಡಗಿದಳು. ಕತೆ ಅರ್ಧಕ್ಕೆ ಬರುವಷ್ಟರಲ್ಲಿ ಬಂದವರು ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದರು. ಅಪ್ಪ ಆಮೇಲೆ ನಕ್ಕೂ ನಕ್ಕೂ ಕೆಮ್ಮಿದ. ಅವಳೂ ನಕ್ಕಳು. ಮತ್ತೆ ಯಾರೂ ಬರಲಿಲ್ಲ. ನಗು ಯಾವಾಗ ನಿಂತಿತೋ ಅವಳಿಗೇ ನೆನಪಿಲ್ಲ.

ದೆವ್ವ ಎಂದರೆ ಅವಳಿಗೆ ಕೂದಲು ಕೆದರಿಕೊಂಡು ಮರದಿಂದ ನೇತಾಡುವ ದೆವ್ವವಲ್ಲ. ಅಂಥವನ್ನು "ಬರೀ ಗದ್ದಲ" ಎಂದು ಪಕ್ಕಕ್ಕಿಡುತ್ತಿದ್ದಳು. ಅವಳಿಗೆ ಬೇಕಾದದ್ದು ಮನುಷ್ಯರಂತೆಯೇ ಇರುವ ಜೀವಗಳು. ಅಂಗಿಯ ಗುಂಡಿ ಹಾಕಿಕೊಂಡು, ತಲೆ ಬಾಚಿಕೊಂಡು, ನಮ್ಮ ನಡುವೆಯೇ ಓಡಾಡುವಂಥವು. ಒಳಗೆ ಮಾತ್ರ ಬೇರೆಯೇ ಹಸಿವು ಇಟ್ಟುಕೊಂಡವು. ಸಂಜೆ ಹೊತ್ತು ಯಾರದೋ ಮನೆಯ ಕಿಟಕಿಯ ಬೆಳಕನ್ನು ಹೊರಗೆ ನಿಂತು ನೋಡುವ ಅವುಗಳ ಪಾಡು ಅವಳಿಗೆ ಬಿಡಿಸಿ ಹೇಳಬೇಕಾದದ್ದಾಗಿರಲಿಲ್ಲ. ಆ ಬಗೆಯ ಪುಸ್ತಕಗಳಿಗೆ ಮೇಜಿನ ಹಿಂದೆ, ತಾನು ಕೂತಲ್ಲಿಂದ ಕೈಗೆಟುಕುವಂತೆ, ಬೇರೆಯೇ ಒಂದು ಕಪಾಟು ಇಟ್ಟಿದ್ದಳು.

ಅದರಲ್ಲಿ ಒಂದು ಅವಳ ಪ್ರಾಣ. ಅಪ್ಪನ ಬಳಿ ಕಟ್ಟಿಸಲು ಬಂದು ಉಳಿದುಹೋದದ್ದು. ಬರುವಾಗಲೇ ಮೊದಲ ಕೆಲವು ಹಾಳೆ ಹೋಗಿದ್ದರಿಂದ ಅದರ ಹೆಸರೂ ಗೊತ್ತಿಲ್ಲ, ಬರೆದವರೂ ಗೊತ್ತಿಲ್ಲ. ಅವಳು ಅದನ್ನು "ಮಹಡಿಯವನು" ಎನ್ನುತ್ತಿದ್ದಳು. ಒಬ್ಬ ವಿಧವೆಯ ಮನೆಯ ಮಹಡಿ ಕೋಣೆಗೆ ಒಬ್ಬ ಬಾಡಿಗೆಗೆ ಬರುತ್ತಾನೆ. ಮೆದು ಮಾತಿನವನು. ಆದರೆ ಅವನು ಮನುಷ್ಯನಲ್ಲ. ಮಲಗಿದವರ ಪಕ್ಕ ಕೂತು, ಮೂಗಿನ ಮುಂದೆ ಅಂಗೈ ಹಿಡಿದು, ಅವರ ಉಸಿರನ್ನು ಎಳೆದುಕೊಂಡು ಬದುಕುವ ಜೀವ. ಬೀದಿಯಲ್ಲಿ ಒಬ್ಬರಾದ ಮೇಲೊಬ್ಬರು ಸಾಯುತ್ತಾರೆ. ಕೊನೆಗೊಮ್ಮೆ ಅವನು ಆ ವಿಧವೆಯ ಹಾಸಿಗೆಯ ಬಳಿಯೂ ಕೂರುತ್ತಾನೆ. ಅಂಗೈ ಚಾಚುತ್ತಾನೆ. ಆಮೇಲೆ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಮೆಟ್ಟಿಲಿಳಿದು ಹೊರಟುಹೋಗಿ, ಹಸಿವಿನಿಂದ ಎಲ್ಲೋ ಸಾಯುತ್ತಾನೆ. ಅವನು ಕೈ ಹಿಂದೆಗೆಯುವ ಆ ಪುಟ ಬಂದಾಗಲೆಲ್ಲ ದೆವ್ವದಕ್ಕ ಕನ್ನಡಕ ತೆಗೆದಿಟ್ಟು ಅಳುತ್ತಿದ್ದಳು. ಪ್ರತಿ ಸಲವೂ.

ಕಾಲ ಕಳೆದಂತೆ ಲೈಬ್ರರಿಗೆ ಬರುವವರು ಕಡಿಮೆಯಾದರು. ಓದುವವರ ಕೈಗೆ ಫೋನು ಬಂತು. ಕೆಲವು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳು ಬಾಯಿ ಬಿಟ್ಟು ಒಂದು ಮಾತೂ ಆಡಿರುತ್ತಿರಲಿಲ್ಲ. ಸಂಜೆ ಹಾಲು ತರಲು ಹೋಗಿ "ಅರ್ಧ ಲೀಟರ್" ಎನ್ನುವಾಗ ಗಂಟಲು ಕಟ್ಟಿಕೊಂಡು ತನ್ನ ದನಿ ತನಗೇ ಹೊಸದಾಗಿ ಕೇಳುತ್ತಿತ್ತು. ತಮ್ಮ ತಿಂಗಳಿಗೊಮ್ಮೆ ಬಂದು, ನಿಂತಲ್ಲೇ ಎಲ್ಲ ವಿಚಾರಿಸಿ, "ಇದನ್ನೆಲ್ಲ ತೂಕಕ್ಕೆ ಹಾಕಿ ನಮ್ಮ ಜೊತೆ ಬಂದಿರಬಾರದಾ?" ಎನ್ನುತ್ತಿದ್ದ. ಆ ಮಾತಿನ ಹಿಂದೆಯೇ ಗಡಿಯಾರ ನೋಡುತ್ತಿದ್ದುದರಿಂದ ಅದಕ್ಕೆ ಉತ್ತರ ಬೇಕಾಗಿರಲಿಲ್ಲ.

ಇಸ್ತ್ರಿಯವನು ಬಂದದ್ದು ಆ ಕಾಲದಲ್ಲಿ. ಬೀದಿಯ ಕೊನೆಯ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗದಲ್ಲಿ ಹೊಸದಾಗಿ ಇಸ್ತ್ರಿ ಅಂಗಡಿ ಹಾಕಿದ್ದ. ಅವಳ ವಯಸ್ಸಿನವನೇ, ನರೆತ ತಲೆ, ಅಗಲವಾದ ಮಣಿಕಟ್ಟು. ಎಲ್ಲಿಂದ ಬಂದನೋ ಯಾರಿಗೂ ತಿಳಿಯದು. ಕೆಲಸ ಅಚ್ಚುಕಟ್ಟು ಎಂದಷ್ಟೇ ಬೀದಿಗೆ ಗೊತ್ತು. ತನ್ನ ಅಂಗಡಿಗೆ ರಜೆಯಿರುವ ಮಂಗಳವಾರ ಮಧ್ಯಾಹ್ನ ಲೈಬ್ರರಿಯ ಬಾಗಿಲಲ್ಲಿ ಬಂದು ನಿಂತ. ಒಳಗೆ ಬರಲು ಯಾರಾದರೂ ಹೇಳಲಿ ಎಂಬಂತೆ ನಿಂತೇ ಇದ್ದ.

"ಬನ್ನಿ, ಏನು ಬೇಕಿತ್ತು?"

"ಓದೋಕೆ."

"ಅದು ಗೊತ್ತಾಯ್ತು. ಇದು ತರಕಾರಿ ಅಂಗಡಿ ಅಲ್ವಲ್ಲ."

ಅವನು ನಗಲಿಲ್ಲ. ಸ್ವಲ್ಪ ಯೋಚಿಸಿ, "ಹೆದರಿಸೋ ಕತೆ ಇದ್ದರೆ ಕೊಡಿ. ಆದರೆ ಗಾಳಿ ದೆವ್ವ ಬೇಡ. ನೋಡೋಕೆ ಮನುಷ್ಯರ ಹಾಗೇ ಇರಬೇಕು," ಎಂದ.

ದೆವ್ವದಕ್ಕ ಕುರ್ಚಿಯಿಂದ ಎದ್ದ ರಭಸಕ್ಕೆ ಮೇಜಿನ ಮೇಲಿದ್ದ ಪೆನ್ನು ಕೆಳಗೆ ಬಿತ್ತು. ಅಷ್ಟು ವರ್ಷಗಳಲ್ಲಿ, ಅವಳು ತುರುಕುವ ಮೊದಲೇ, ಬಾಯಿಬಿಟ್ಟು ಅದನ್ನೇ ಕೇಳಿದವನು ಅವನೊಬ್ಬನೇ.

ಅಲ್ಲಿಂದ ಮುಂದೆ ಮಂಗಳವಾರ ಎಂದರೆ ಅವನು. ಓದಿದ್ದನ್ನು ತಂದಿಟ್ಟು, ಮೇಜಿನ ಈಚೆಗಿದ್ದ ಸ್ಟೂಲಿನ ಮೇಲೆ ಕೂರುತ್ತಿದ್ದ. ಮಡಚಿದ ಹಾಳೆಗಳನ್ನೆಲ್ಲ ತೆಳುಬಟ್ಟೆ ಹಾಕಿ ಇಸ್ತ್ರಿ ಮಾಡಿ ತಂದಿರುತ್ತಿದ್ದ. "ಹೀಗೂ ಉಂಟಾ?" ಎಂದರೆ, "ಕಣ್ಣಿಗೆ ಸುಕ್ಕು ಕಂಡರೆ ಕೈ ಸುಮ್ಮನಿರಲ್ಲ," ಎನ್ನುತ್ತಿದ್ದ. ಆಮೇಲೆ ಕತೆಯ ಮಾತು. ಆ ಹೆಣ್ಣುದೆವ್ವ ಮಕ್ಕಳನ್ನೇ ಯಾಕೆ ಹಿಡಿಯುತ್ತಿತ್ತು, ಆ ಮುದುಕ ಕನ್ನಡಿ ಯಾಕೆ ಒಡೆದ, ಆ ವೈದ್ಯನಿಗೆ ತಾನು ಸತ್ತವನು ಎಂದು ಯಾವಾಗ ಗೊತ್ತಾಯಿತು. ಮಾತು ಕಡಿಮೆಯ ಮನುಷ್ಯ. ಆದರೆ ಓದಿದ್ದನ್ನು ಬಿಡುತ್ತಿರಲಿಲ್ಲ. ದೆವ್ವದಕ್ಕನಿಗೆ ಬುಧವಾರದಿಂದಲೇ ಮುಂದಿನ ಮಂಗಳವಾರದ ಮಾತು ಬಾಯಲ್ಲಿ ಕೂಡಿಕೊಳ್ಳುತ್ತಿತ್ತು. ಹಾಲಿನವನಿಗೂ ಒಂದೆರಡು ಮಾತು ಹೆಚ್ಚಿಗೆ ಸಿಗತೊಡಗಿತು.

ಒಂದು ವಿಷಯದಲ್ಲಿ ಮಾತ್ರ ಅವರಿಬ್ಬರಿಗೂ ಹೊಂದಿಕೆಯಾಗುತ್ತಿರಲಿಲ್ಲ.

"ಪಾಪ, ಅದರ ತಪ್ಪೇನಿದೆ ಹೇಳಿ," ಎನ್ನುತ್ತಿದ್ದಳು ಅವಳು. "ಹುಟ್ಟಿದ್ದೇ ಹಾಗೆ. ಹುಲಿ ಜಿಂಕೆ ತಿಂದರೆ ಹುಲೀನ ಜೈಲಿಗೆ ಹಾಕ್ತಾರಾ?"

"ಹುಲಿ ಸುಳ್ಳು ಹೇಳಲ್ಲ ಅಕ್ಕ," ಎಂದ ಅವನು ಒಂದು ದಿನ. "ತಿಂದು, ಬಾಯಿ ಒರೆಸಿಕೊಂಡು, ಬೆಳಿಗ್ಗೆ ಜಿಂಕೆ ಮನೆಯವರ ಹತ್ತಿರ ಹೋಗಿ 'ಏನಾಯ್ತು, ಛೇ' ಅನ್ನಲ್ಲ. ಇವು ಅನ್ನುತ್ತವೆ. ಮುಚ್ಚಿಡ್ತವೆ ಅಂದ ಮೇಲೆ ಮುಚ್ಚಿಡೋ ಅಂಥದ್ದು ಅಂತ ಗೊತ್ತಿರಬೇಕಲ್ಲ."

"ನೀವು ಬಹಳ ಕಟುಕರು," ಎಂದು ನಗುತ್ತಲೇ ಹೇಳಿದಳು. ಅವನು ತಲೆ ತಗ್ಗಿಸಿ ಕೈಯಲ್ಲಿದ್ದ ಪುಸ್ತಕದ ಬೆನ್ನನ್ನು ಸವರುತ್ತಿದ್ದ.

"ಮಹಡಿಯವನು" ಅವನಿಗೆ ಕೊಟ್ಟದ್ದು ಬಹಳ ತಡವಾಗಿ. ಯಾರಿಗೂ ಅದನ್ನು ಹೊರಗೆ ಕೊಟ್ಟಿರಲಿಲ್ಲ. ಕೊಡುವ ಮುಂಚೆ ಹಳೆಯ ಕ್ಯಾಲೆಂಡರಿನ ದಪ್ಪ ಕಾಗದ ಹುಡುಕಿ ಹೊದಿಕೆ ಹಾಕಿದಳು. ಮುಂದಿನ ಮಂಗಳವಾರ ಅವನು ಬರಲಿಲ್ಲ. ಅದರ ಮುಂದಿನ ವಾರ ಬಂದು, ಪುಸ್ತಕವನ್ನು ಮೇಜಿನ ಮೇಲಿಟ್ಟು, ಎಂದಿನಂತೆ ಕೂರದೆ ನಿಂತುಕೊಂಡ.

"ಹೇಗಿತ್ತು?" ಎಂದಳು. ಆ ಒಂದು ಮಾತಿಗೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ತನ್ನ ಕಡೆಯವರನ್ನು ಯಾರೋ ನೋಡಿಕೊಂಡು ಹೋಗಲು ಬಂದ ಹಾಗೆ.

"ಚೆನ್ನಾಗಿ ಬರೆದಿದ್ದಾರೆ."

"ಅವನು ಕೈ ಹಿಂದೆ ತಗೊಳ್ತಾನಲ್ಲ, ಆ ಪುಟ?"

"ಅದೇ," ಎಂದ. "ಅದೇ ಪುಟ ನನಗೆ ಆಗಲಿಲ್ಲ ಅಕ್ಕ. ಎಲ್ಲರೂ ಅಲ್ಲಿ ಅಳಲಿ ಅಂತ ಬರೆದಿರೋದು. ನನಗೆ ಅಲ್ಲಿ ಸಿಟ್ಟು ಬಂತು."

"ಸಿಟ್ಟಾ?"

"ಆ ಹೆಂಗಸನ್ನ ಬಿಟ್ಟ ಅಂದರೆ, ಬಿಡೋಕೆ ಬರ್ತಿತ್ತು ಅಂತಾಯ್ತು. ಹಸಿವು ಅವನ ಕೈ ಎಳೀತಿರಲಿಲ್ಲ. ಬೇಕಂದರೆ ತಡೀಬಹುದಿತ್ತು. ಹಾಗಿದ್ದರೆ ಅದಕ್ಕೆ ಮುಂಚೆ ಸತ್ತವರೆಲ್ಲ? ಅವರ ಹತ್ತಿರ ಕೂತಾಗಲೂ ತಡೀಬಹುದಿತ್ತಲ್ಲ. ತಡೀಲಿಲ್ಲ. ಒಬ್ಬರನ್ನ ಉಳಿಸಿದ್ದಕ್ಕೆ ಅವನು ದೊಡ್ಡವನಾಗಲಿಲ್ಲ. ಉಳಿದವರನ್ನ ಬೇಕಂತಲೇ ಕೊಂದ ಅನ್ನೋದಕ್ಕೆ ಅದೇ ಸಾಕ್ಷಿಯಾಯ್ತು."

ದೆವ್ವದಕ್ಕನಿಗೆ ಮುಖ ಬಿಸಿಯಾಯಿತು. "ಪುಸ್ತಕ ಓದೋ ರೀತಿ ಇದಲ್ಲ," ಎಂದಳು. "ಒಂಟಿ ಜೀವ ಅದು. ಯಾರೂ ಇಲ್ಲದ ಜೀವ. ಕೊನೆಗಾದರೂ ಕರುಣೆ ಬಂತಲ್ಲ. ನಿಮಗೆ ಒಂಚೂರೂ ಪಾಪ ಅನ್ನಿಸಲ್ವಾ? ಎಂಥ ಮನುಷ್ಯರು ನೀವು?"

ಅವನು ಆಗ ಕೂತ. ಸ್ಟೂಲನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡು, ಮೇಜಿನಿಂದ ದೂರವಾಗಿ ಕೂತ.

"ನಾನು ಪುಸ್ತಕದಿಂದ ಹೇಳ್ತಾ ಇಲ್ಲ," ಎಂದ. "ನನ್ನ ಅಣ್ಣನ್ನ ನಾನು ಕೊಂದೆ. ಜೈಲಲ್ಲಿದ್ದೆ. ಇಸ್ತ್ರಿ ಕಲಿತದ್ದು ಅಲ್ಲೇ."

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಅವಳ ಕೈ ಪುಸ್ತಕದ ಮೇಲಿತ್ತು, ಅಲ್ಲೇ ಇತ್ತು.

"ಜಗಳ ದೊಡ್ಡದೇನಲ್ಲ. ನಾಲ್ಕು ಜನರ ಮುಂದೆ ನನ್ನನ್ನ ನೋಡಿ ನಕ್ಕ. ಅವನು ಯಾವಾಗಲೂ ನಗೋನು. ಮನೆಗೆ ಬಂದ ಮೇಲೆ ಬಾಗಿಲಿನ ಅಗುಳಿ ತಗೊಂಡೆ. ವಕೀಲರು ಕೋರ್ಟಲ್ಲಿ, ಇವನಿಗೆ ಮೈಮೇಲೆ ಅರಿವಿರಲಿಲ್ಲ, ಸಿಟ್ಟಲ್ಲಿ ಕಣ್ಣು ಕತ್ತಲೆ ಬಂದಿತ್ತು ಅಂದರು. ನನಗೆ ಶಿಕ್ಷೆ ಕಡಿಮೆಯಾಯ್ತು. ಆದರೆ ಅದಕ್ಕೂ ಮುಂಚೆ ಒಂದು ಸಲ, ಅದೇ ಅಗುಳಿ, ಅದೇ ಸಿಟ್ಟು, ಕೈಗೆ ತಗೊಂಡಿದ್ದೆ. ಆವತ್ತು ಕೆಳಗಿಟ್ಟೆ. ನೀರು ಕುಡಿದು ಮಲಗಿದೆ. ಇಡೋಕೆ ಬರ್ತಿತ್ತು ನನಗೆ. ಕಣ್ಣು ಕತ್ತಲೆ ಬಂದಿರಲಿಲ್ಲ ಅಕ್ಕ. ಎಲ್ಲಾ ಕಾಣಿಸ್ತಿತ್ತು."

ಮತ್ತೆ ಅವನೇ ಹೇಳಿದ: "ಈ ಕತೆಗಳಲ್ಲಿ ಎಲ್ಲಾದರೂ ಒಂದು ರಾಕ್ಷಸ 'ನನಗೆ ಕಾಣಿಸ್ತಿತ್ತು' ಅಂತ ಒಪ್ಪಿಕೊಳ್ಳುತ್ತೇನೋ ಅಂತ ಓದ್ತೀನಿ. ಒಂದೋ ಅದನ್ನ ಸುಟ್ಟುಹಾಕ್ತಾರೆ, ಇಲ್ಲಾ ಪಾಪ ಅಂತಾರೆ."

ಅವನ ಅಗಲವಾದ ಮಣಿಕಟ್ಟು ದೆವ್ವದಕ್ಕನ ಕಣ್ಣಿಗೆ ಬಿತ್ತು, ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ. ತಾನೂ ಅವನೂ ಇಬ್ಬರೇ ಇರುವುದು, ಬಾಗಿಲು ಅವನ ಬೆನ್ನ ಹಿಂದಿರುವುದು, ಎಲ್ಲ ಒಟ್ಟಿಗೇ ತಲೆಗೆ ಬಂತು.

"ಇವತ್ತು ಸ್ವಲ್ಪ ಬೇಗ ಮುಚ್ಚಬೇಕು," ಎಂದಳು.

ಅವನು ಎದ್ದ. ಬೇರೆ ಪುಸ್ತಕ ಕೇಳಲಿಲ್ಲ. ಸ್ಟೂಲನ್ನು ಅದರ ಜಾಗಕ್ಕೆ ಸರಿಸಿಟ್ಟು ಹೋದ.

ಮುಂದಿನ ಮಂಗಳವಾರ ಮಧ್ಯಾಹ್ನಕ್ಕೆ ಮುಂಚೆಯೇ ಅವಳು ಷಟರನ್ನು ಮೊಣಕಾಲೆತ್ತರಕ್ಕೆ ಎಳೆದು ಒಳಗೆ ಕೂತಳು. ಪೂರ್ತಿ ಎಳೆಯಲಿಲ್ಲ, ಯಾಕೆಂದು ಅವಳಿಗೂ ಗೊತ್ತಿಲ್ಲ. ಹೊರಗಿನ ಬಿಸಿಲು ಒಂದು ಪಟ್ಟಿಯಷ್ಟು ಒಳಗೆ ಬಿದ್ದಿತ್ತು. ಅವನು ಬರುವ ಹೊತ್ತಿಗೆ ಆ ಪಟ್ಟಿಯಲ್ಲಿ ಎರಡು ಕಾಲು ಬಂದು ನಿಂತವು. ಸವೆದ ಚಪ್ಪಲಿ, ತೊಳೆದ ಪಾದ. ಷಟರನ್ನು ತಟ್ಟಲಿಲ್ಲ, ಕರೆಯಲಿಲ್ಲ. ಅವಳು ಉಸಿರು ಬಿಗಿಹಿಡಿದು ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದಳು. ಕಾಲುಗಳು ಬಹಳ ಹೊತ್ತು ನಿಂತಿದ್ದವು. ಆಮೇಲೆ ತಿರುಗಿದವು.

ಆ ಭಾನುವಾರ ತಮ್ಮ ಹೆಂಡತಿಯೊಂದಿಗೆ ಬಂದ. ಅಕ್ಕನ ಮುಖ ನೋಡಿ, "ಏನಕ್ಕ, ಜ್ವರ ಬಂದವಳ ಹಾಗಿದ್ದೀಯಾ?" ಎಂದ. ಅವಳು ಹೇಳಿಬಿಟ್ಟಳು. ಇಸ್ತ್ರಿಯವನು, ಅಣ್ಣ, ಜೈಲು. ಪುಸ್ತಕದ ಮಾತು ಹೇಳಲಿಲ್ಲ. ಅದು ಅವರಿಗೆ ತಿಳಿಯುವಂಥದ್ದಾಗಿರಲಿಲ್ಲ.

"ಅಯ್ಯೋ, ಅಂಥವನನ್ನ ಒಳಗೆ ಕೂರಿಸಿಕೊಂಡು ಹರಟೆ ಹೊಡೀತಿದ್ದಿರಾ ಅತ್ತಿಗೆ," ಎಂದಳು ತಮ್ಮನ ಹೆಂಡತಿ. ತಮ್ಮ ಕೆಳದುಟಿ ಕಚ್ಚಿಕೊಂಡ. ಇಸ್ತ್ರಿ ಅಂಗಡಿಯ ಕಟ್ಟಡದ ಮಾಲೀಕ ಅವನ ಜೊತೆ ಓದಿದವನು. ಅದು ದೆವ್ವದಕ್ಕನಿಗೆ ಗೊತ್ತಿತ್ತು. 'ಯಾರ ಹತ್ತಿರವೂ ಆಡಬೇಡ' ಎಂಬ ಮಾತು ಅವಳ ನಾಲಿಗೆಯ ತುದಿಯವರೆಗೂ ಬಂತು. ತಮ್ಮ ಚಪ್ಪಲಿ ಮೆಟ್ಟಿಕೊಳ್ಳುವಾಗ, ಬಾಗಿಲು ದಾಟುವಾಗ, ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದಾಗ, ಆ ಮಾತು ಅಲ್ಲೇ ಇತ್ತು. ಅವಳು ಅದನ್ನು ನುಂಗಿಕೊಂಡಳು.

ಅವರು ಹೋದ ಮೇಲೆ ಸಮಾಧಾನಕ್ಕೆಂದು "ಮಹಡಿಯವನು" ತೆಗೆದಳು. ಆ ಪುಟಕ್ಕೆ ಬಂದಳು. ಅಂಗೈ ಚಾಚಿತು, ಹಿಂದಕ್ಕೆ ಹೋಯಿತು. ಕಣ್ಣಿಗೆ ನೀರು ಬರಲಿಲ್ಲ. ಹಾಳೆಗಳನ್ನು ಹಿಂದಕ್ಕೆ ತಿರುವತೊಡಗಿದಳು. ಸತ್ತವರು ಯಾರು? ಪುಸ್ತಕ ಬಾಯಿಪಾಠವಾಗಿದ್ದರೂ ಅವಳಿಗೆ ನೆನಪಿರಲಿಲ್ಲ. ಹುಡುಕಿದರೆ ಸಿಕ್ಕರು: ಪೇಟೆಯಲ್ಲಿ ಬೀಗ ರಿಪೇರಿ ಮಾಡುವ ಮುದುಕ, ಸಂಗೀತ ಹೇಳಿಕೊಡುವ ಹೆಂಗಸು, ಬಾಣಂತಿಯೊಬ್ಬಳು, ಅವಳ ಗಂಡ. ಒಬ್ಬೊಬ್ಬರಿಗೆ ಒಂದೋ ಎರಡೋ ಸಾಲು. ಬರೆದವರಿಗೇ ಅವರ ಬಗ್ಗೆ ಅವಸರ. ಆ ಬಾಣಂತಿಯ ಮಗು ಏನಾಯಿತು ಎಂದು ಎಲ್ಲೂ ಇರಲಿಲ್ಲ. ಅವಳು ಎರಡು ಸಲ ಹುಡುಕಿದಳು. ಎಷ್ಟು ವರ್ಷ ಈ ಪುಸ್ತಕ ಓದಿದ್ದಾಳೆ, ಒಂದು ಸಲವಾದರೂ ಆ ಮಗುವಿನ ಯೋಚನೆ ಬಂದಿತ್ತೇ? ಪುಸ್ತಕ ಮುಚ್ಚಿ, ಸಂಜೆಯವರೆಗೂ ಹಾಗೇ ಕೂತಿದ್ದಳು. ಇಸ್ತ್ರಿಯವನು ಅವಳಿಂದ ಪಾಪ ಎನ್ನಿಸಿಕೊಳ್ಳಲು ಬಂದಿರಲಿಲ್ಲ. ಪಾಪ ಎನ್ನುವುದೊಂದನ್ನು ಬಿಟ್ಟು ಅವಳಿಗೆ ಬೇರೆ ಏನೂ ಗೊತ್ತಿರಲಿಲ್ಲ. ಅದೂ ಕಾಗದದ ಮೇಲಿದ್ದವರಿಗೆ.

ಕೆಲವು ದಿನ ಕಳೆದು, ಎದುರಿನ ಔಷಧಿ ಅಂಗಡಿಯವರು ಗಾಜು ಒರೆಸುತ್ತ ಅವಳನ್ನು ಕೂಗಿದರು. "ಗೊತ್ತಾಯ್ತಾ? ಇಸ್ತ್ರಿಯವನನ್ನ ಖಾಲಿ ಮಾಡಿಸ್ತಿದ್ದಾರಂತೆ. ಕೊಲೆ ಮಾಡಿದ್ದನಂತೆ ಕಣ್ರೀ. ನಮ್ಮ ಬಟ್ಟೆ ಎಲ್ಲ ಅವನ ಕೈಲೇ. ನೋಡೋಕೆ ನಮ್ಮ ಹಾಗೇ ಇದ್ದ ಅಲ್ವಾ?"

ಅವಳು ಷಟರನ್ನೂ ಎಳೆಯದೆ ಬೀದಿಯ ಕೊನೆಗೆ ನಡೆದಳು.

ಮೆಟ್ಟಿಲ ಕೆಳಗೆ ಅವನು ನಿಂತು ಇಸ್ತ್ರಿ ಮಾಡುತ್ತಿದ್ದ. ಒಂದು ಕಡೆ ಅವನದೇ ಚೀಲ ಕಟ್ಟಿ ಆಗಿತ್ತು. ಇನ್ನೊಂದು ಕಡೆ ಜನರ ಬಟ್ಟೆಗಳು, ಒಂದೊಂದು ಮನೆಯದು ಒಂದೊಂದು ಗಂಟು. ಅರ್ಧ ಜನ ಇಸ್ತ್ರಿಯಾಗುವ ಮುಂಚೆಯೇ ಬಂದು ವಾಪಸ್ ತೆಗೆದುಕೊಂಡು ಹೋಗಿದ್ದರು. ಉಳಿದವನ್ನು ಅವನು ಮುಗಿಸುತ್ತಿದ್ದ. ಅವಳನ್ನು ನೋಡಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ.

"ಪುಸ್ತಕ ಯಾವುದೂ ನನ್ನ ಹತ್ತಿರ ಉಳಿದಿಲ್ಲ," ಎಂದ.

"ಅದಕ್ಕೆ ಬಂದಿಲ್ಲ." ನಿಂತಲ್ಲೇ ಹೇಳಿದಳು: "ನಾನೇ ನನ್ನ ತಮ್ಮನಿಗೆ ಹೇಳಿದ್ದು. ಅವನು ಮಾಲೀಕರಿಗೆ ಹೇಳಿದಾನೆ."

ಅವನು ತಲೆಯಾಡಿಸಿದ. ಗೊತ್ತಿತ್ತೆಂದೋ, ಕೇಳಿಸಿತೆಂದೋ ತಿಳಿಯಲಿಲ್ಲ.

"ಹೆದರಿಕೆ ಆಯ್ತು. ಹೆದರಿಕೇಲಿ ಏನು ಮಾಡ್ತಿದ್ದೀನಿ ಅಂತಲೇ..." ಎಂದವಳು ಅಲ್ಲಿಗೆ ನಿಲ್ಲಿಸಿದಳು. ಕನ್ನಡಕವನ್ನು ಮೇಲಕ್ಕೆ ತಳ್ಳಿದಳು. "ಇಲ್ಲ. ಗೊತ್ತಿತ್ತು. ಅವನು ಯಾರಿಗೆ ಹೇಳ್ತಾನೆ ಅಂತ ಗೊತ್ತಿತ್ತು. ಹೇಳಬೇಡ ಅನ್ನಬಹುದಿತ್ತು. ಅನ್ನಲಿಲ್ಲ."

ಅವನು ಗೋಡೆಗೆ ಒರಗಿಸಿಟ್ಟಿದ್ದ ಮಡಚುವ ಕುರ್ಚಿಯನ್ನು ಬಿಡಿಸಿ ಅವಳ ಮುಂದಿಟ್ಟ. "ಕೂತ್ಕೊಳಿ ಅಕ್ಕ," ಎಂದ. ಕ್ಷಮಿಸಿದೆ ಎನ್ನಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಅವಳಿಗೆ ಅದು ಸರಿ ಎನ್ನಿಸಿತು.

ಕೂತಳು. ಅವನು ಒಂದು ಬಿಳಿ ಅಂಗಿಯನ್ನು ಹಲಗೆಯ ಮೇಲೆ ಹರಡಿ ನೀರು ಚಿಮುಕಿಸಿದ. ಮೊದಲು ಕಾಲರು, ಆಮೇಲೆ ಭುಜ.

"ನಿಮ್ಮ ಅಣ್ಣ ಎಂಥವರು?" ಎಂದು ಕೇಳಿದಳು.

ಅವನ ಕೈ ನಿಂತಿತು. "ಯಾರೂ ಕೇಳಿರಲಿಲ್ಲ ಇದನ್ನ," ಎಂದ. "ಹೇಗೆ ಕೊಂದೆ ಅಂತ ಕೇಳಿದಾರೆ. ಯಾಕೆ ಅಂತ ಕೇಳಿದಾರೆ."

ಆಮೇಲೆ ಹೇಳಿದ. ಅಣ್ಣ ತುಂಬಾ ಎತ್ತರ, ಹೊಸ್ತಿಲು ದಾಟುವಾಗ ತಲೆ ತಗ್ಗಿಸುವುದನ್ನು ಮರೆತು ಹಣೆ ತಾಗಿಸಿಕೊಳ್ಳುತ್ತಿದ್ದ, ತಾಗಿದಾಗಲೆಲ್ಲ ಬಾಗಿಲಿಗೇ ಬೈಯುತ್ತಿದ್ದ. ಶಿಳ್ಳೆ ಹಾಕಿದರೆ ಬೀದಿಯ ನಾಯಿಗಳೆಲ್ಲ ಬರುತ್ತಿದ್ದವು. ಇವನಿಗೆ ಈಜು ಕಲಿಸಿದ್ದು ಅವನೇ. ಹೊಟ್ಟೆಯ ಕೆಳಗೆ ಒಂದು ಕೈ ಹಿಡಿದು, ಆಮೇಲೆ ಆ ಕೈ ಬಿಟ್ಟಿರುವುದನ್ನು ಹೇಳದೆ. ಎಲ್ಲರನ್ನೂ ಅಣಕಿಸುತ್ತಿದ್ದ. ಅವನ ಅಣಕಕ್ಕೆ ಎಷ್ಟೋ ಜನ ಅತ್ತಿದ್ದುಂಟು. ಒಳ್ಳೆಯವನೇ ಎಂದು ಹೇಳಲಾಗುವುದಿಲ್ಲ. ಅವನ ಹೆಂಡತಿ ಆಮೇಲೆ ತೌರಿಗೆ ಹೋದರು. ಅವರಿಗೆ ಎದುರಾಗಲು ಇವನಿಗೆ ಧೈರ್ಯವಾಗಿಲ್ಲ, ಎದುರಾಗುವ ಹಕ್ಕೂ ಇಲ್ಲ.

ಹೇಳುತ್ತ ಹೇಳುತ್ತ ಅಂಗಿಗಳು ಮುಗಿದವು. ದೆವ್ವದಕ್ಕ ಪಾಪ ಎನ್ನಲಿಲ್ಲ, ಅಯ್ಯೋ ಎನ್ನಲಿಲ್ಲ. ಆಗಾಗ, "ಆಮೇಲೆ?" ಎಂದಳು. ಆ ಎತ್ತರದ ಅಣ್ಣ ಆ ಮೆಟ್ಟಿಲ ಕೆಳಗೆ ತಲೆ ತಗ್ಗಿಸಿ ನಿಂತಂತೆ ಅವಳಿಗೆ ಕಂಡ. ಅವಳಿಗೆ ಹೆದರಿಕೆ ಹೋಗಿತ್ತು ಎನ್ನಲಾಗದು. ಅಗಲವಾದ ಆ ಮಣಿಕಟ್ಟು ಅವಳ ಮುಂದೆಯೇ ಹೋಗಿ ಬರುತ್ತಿತ್ತು. ಆದರೂ ಎದ್ದುಹೋಗಬೇಕೆನ್ನಿಸಲಿಲ್ಲ.

"ಎಲ್ಲಿಗೆ ಹೋಗ್ತೀರಿ?" ಎಂದಳು ಕೊನೆಗೆ.

"ಜೈಲಲ್ಲಿ ಜೊತೆಗಿದ್ದವನೊಬ್ಬ ಇದ್ದಾನೆ, ಆಸ್ಪತ್ರೆ ಬಟ್ಟೆ ಒಗೆಯೋ ಕಡೆ. ಬಾ ಅಂದಿದಾನೆ."

"ಅಲ್ಲಿ ಲೈಬ್ರರಿ?"

"ನೋಡಬೇಕು," ಎಂದು ಮೊದಲ ಬಾರಿಗೆ ಸ್ವಲ್ಪ ನಕ್ಕ. "ಇದ್ದರೂ ತರಕಾರಿ ಅಂಗಡಿ ಅಲ್ಲ ಅಂತ ಹೇಳೋರು ಇರ್ತಾರೋ ಇಲ್ವೋ."

ಮರುದಿನ ಮೆಟ್ಟಿಲ ಕೆಳಗೆ ಬರೀ ಗೋಡೆಯಿತ್ತು. ಗೋಡೆಯ ಮೇಲೆ ಬಿಸಿಯಿಂದ ಕಂದಿದ ಒಂದು ಕಲೆ. ಅದಕ್ಕೂ ಮಾಲೀಕ ಸುಣ್ಣ ಬಳಿಸಿದ.

ತಮ್ಮ ಮುಂದಿನ ತಿಂಗಳು ಬಂದಾಗ ತನ್ನ ಕೆಲಸ ಸರಿಯಾಯಿತೆಂಬ ಮುಖದಲ್ಲಿ, "ಈಗ ನೆಮ್ಮದಿ ಅಲ್ವಾ ಅಕ್ಕ?" ಎಂದ. ಅವಳು ಅವನ ಮೇಲೆ ಸಿಟ್ಟಾಗಬಹುದಿತ್ತು, ಅದು ಸುಲಭವಿತ್ತು. "ನೀನು ಮಾಡಿದ್ದಲ್ಲ ಅದು, ನಾನು ಮಾಡಿದ್ದು," ಎಂದಳು. ತಮ್ಮನಿಗೆ ಅರ್ಥವಾಗಲಿಲ್ಲ. ಅವನು ಗಡಿಯಾರ ನೋಡಿದ.

ಲೈಬ್ರರಿ ಇನ್ನೂ ಕೆಲವು ವರ್ಷ ನಡೆಯಿತು. ಅವಳು ದೆವ್ವದ ಪುಸ್ತಕ ತುರುಕುವುದನ್ನು ಬಿಡಲಿಲ್ಲ, ಓದುವುದನ್ನೂ ಬಿಡಲಿಲ್ಲ. ಕಾಲೇಜಿನ ಹುಡುಗಿಯರು ಪುಸ್ತಕ ವಾಪಸ್ ತಂದು, "ಪಾಪ ಅಲ್ವಾ ಅದು?" ಎಂದರೆ, "ಪಾಪವೇ. ಅದರ ಕೈಲಿ ಸತ್ತವರು ಯಾರ್ಯಾರು, ಹೇಳು ನೋಡೋಣ?" ಎನ್ನುತ್ತಿದ್ದಳು. ಬಹುಪಾಲು ಹುಡುಗಿಯರಿಗೆ ಹೇಳಲು ಬರುತ್ತಿರಲಿಲ್ಲ. ಒಬ್ಬಳು ಮಾತ್ರ ಒಮ್ಮೆ ಹಾಗೇ ನಿಂತು, ಪುಸ್ತಕವನ್ನು ಮತ್ತೆ ತೆಗೆದುಕೊಂಡು ಹೋದಳು. ದೆವ್ವದಕ್ಕ ಅವಳ ದಾರಿ ನೋಡಿದಳು. ಆ ಹುಡುಗಿ ತಾನು ಬರದೆ ಪುಸ್ತಕವನ್ನು ಗೆಳತಿಯ ಕೈಲಿ ಕಳಿಸಿದಳು.

ಮಂಗಳವಾರಗಳು ಉದ್ದವಾದವು. ಮಾತು ಮತ್ತೆ ಗಂಟಲಲ್ಲೇ ಕಟ್ಟಿಕೊಳ್ಳತೊಡಗಿತು.

ಒಮ್ಮೆ ಕಣ್ಣಿನ ಪರೀಕ್ಷೆಗೆಂದು ದೊಡ್ಡ ಆಸ್ಪತ್ರೆಗೆ ಹೋಗಿದ್ದವಳು, ಬರುವಾಗ ಬಸ್ ನಿಲ್ದಾಣದಲ್ಲಿ ನರೆತ ತಲೆಯ ಒಬ್ಬನ ಬೆನ್ನು ಕಂಡಳು. ಕಣ್ಣಿಗೆ ಔಷಧಿ ಹಾಕಿದ್ದರಿಂದ ಎಲ್ಲ ಮಸುಕಾಗಿ, ಬೆಳಕೆಲ್ಲ ಚೆದುರಿ ಕಾಣುತ್ತಿತ್ತು. ಜನರನ್ನು ಸರಿಸುತ್ತ ಅವನ ಹಿಂದೆ ಹೋದಳು. ಕರೆಯಲು ಅವನ ಹೆಸರು ಗೊತ್ತಿರಲಿಲ್ಲ. ಅವನು ಹಣ್ಣಿನ ಗಾಡಿಯ ಬಳಿ ತಿರುಗಿದಾಗ ಬೇರೆ ಯಾರೋ. ಅವಳನ್ನೇ ಬೆರಗಿನಿಂದ ನೋಡಿದ. "ಯಾರೋ ಅಂದ್ಕೊಂಡೆ," ಎಂದು ಪಕ್ಕಕ್ಕೆ ಸರಿದಳು.

ಅಲ್ಲಿದ್ದ ಕಲ್ಲುಬೆಂಚಿನ ಮೇಲೆ ಕೂತಳು. ಅವಳ ಬಸ್ಸು ಬಂತು, ಜನ ಇಳಿದರು, ಹತ್ತಿದರು, ಬಸ್ಸು ಹೋಯಿತು. ಕಣ್ಣು ತಿಳಿಯಾಗಿ ಬೋರ್ಡು ಓದಲು ಬರುವವರೆಗೂ ಅಲ್ಲೇ ಇದ್ದು, ಮುಂದಿನ ಬಸ್ಸಿಗೆ ಎದ್ದು ನಿಂತಳು.